ಕಾರ್ಡು ಬಂತೇ?

ಟೋಕಿಯೋ ನಗರದ ಪೂರ್ವದ ಅಂಚಿನಲ್ಲಿ ನಿಷಿಕಸಾಯ್ ಎಂಬ ಬಡಾವಣೆಯಿದೆ. 2000ದ ಸುಮಾರಿಗೆ ಗಣಕಯಂತ್ರದ ಉದ್ಯೋಗವನ್ನರಸಿ ಬಂದ ಭಾರತೀಯರು ಅಲ್ಲಿ ಬಿಡಾರ ಹೂಡಿದರು. ಬೆಂಗಳೂರು ಬಿಟ್ಟುಬಂದ ತರುಣರೂ ಅವರಲ್ಲಿದ್ದರು. ಜನ ನೆಲಸಿದಲ್ಲಿ ಹೋಟೆಲು ಹುಟ್ಟುವುದೂ, ಹೋಟೆಲು ಹುಟ್ಟಿದಲ್ಲಿ ಉಡುಪಿ ಸೀಮೆಯವನೊಬ್ಬ ಇರುವುದೂ ಲೋಕರೂಢಿ. ಅಂಥ ಒಬ್ಬ ಯಜಮಾನರು 2025ರ ಚಳಿಗಾಲದಲ್ಲಿ ಒಂದು ವಿಚಿತ್ರ ಚಟಕ್ಕೆ ಬಿದ್ದರು. ದಿನಕ್ಕೆ ನಾಲ್ಕು ಸಲ ಅಂಗಡಿಯಿಂದ ಹೊರಬಂದು ಟಪಾಲು ಪೆಟ್ಟಿಗೆಯ ಮುಚ್ಚಳ ತೆರೆದು ನೋಡುವುದು. ಏನೂ ಆಗದವರಂತೆ ಒಳಗೆ ಹೋಗುವುದು. ಆ ದೇಶದಲ್ಲಿ ಶನಿವಾರ, ಭಾನುವಾರ ಸಾಧಾರಣ ಟಪಾಲಿನ ಬಟವಾಡೆಯಿಲ್ಲ. ಅದು ಬಲ್ಲ ಸಂಗತಿಯೇ. ಆದರೂ ಭಾನುವಾರವೂ ಮುಚ್ಚಳ ತೆರೆಯುತ್ತಿತ್ತು.

ಅವರು ಕಾಯುತ್ತಿದ್ದುದು ತಾವೇ ಬರೆದ ಒಂದು ಕಾರ್ಡಿಗಾಗಿ. ವಾಸದ ಅವಧಿಯನ್ನು ವಿಸ್ತರಿಸಿಕೊಡಬೇಕೆಂದು ವಲಸೆ ಕಚೇರಿಗೆ ಸ್ವತಃ ಹೋಗಿ ಅರ್ಜಿ ಕೊಟ್ಟವನು ಅಲ್ಲೇ ಒಂದು ಅಂಚೆಕಾರ್ಡಿನ ಮೇಲೆ ತನ್ನ ವಿಳಾಸವನ್ನು ತನ್ನ ಕೈಯಿಂದಲೇ ಬರೆದಿಟ್ಟು ಬರಬೇಕು. ತೀರ್ಮಾನವಾದ ಮೇಲೆ ಆ ಕಾರ್ಡು ಅಂಚೆಯ ಮೂಲಕ ಅವನ ಮನೆಗೆ ಹಿಂತಿರುಗುತ್ತದೆ. ಜನ ಇದನ್ನು ವೀಸಾ ಎಂದೇ ಕರೆಯುವರು. ವಾಸ್ತವದಲ್ಲಿ ವೀಸಾ ಎಂಬುದು ಹೊಸಿಲು ದಾಟುವವರೆಗಿನ ಮಾತು. ಒಳಗೆ ಬಂದವನಿಗೆ ಬೇಕಾದದ್ದು ನಿವಾಸದ ಅರ್ಹತೆ. ಹೋಟೆಲಿನ ಒಡೆಯನಿಗೆ ಸಲ್ಲುವುದು ‘ವ್ಯವಹಾರ ನಿರ್ವಾಹಕ’ ಎಂಬ ಅರ್ಹತೆ. ಅದನ್ನು ಐದು ವರ್ಷಕ್ಕೆ ಕೊಡುವುದುಂಟು, ಮೂರಕ್ಕೆ ಕೊಡುವುದುಂಟು, ಒಂದಕ್ಕೆ ಕೊಡುವುದೂ ಉಂಟು. ಯಜಮಾನರ ಕೈಯಲ್ಲಿದ್ದುದು ಒಂದು ವರ್ಷದ್ದು. ಅದು 2026ರ ಫೆಬ್ರವರಿಯಲ್ಲಿ ಮುಗಿಯುವುದಿತ್ತು. ಮೂರು ತಿಂಗಳು ಮುಂಚಿತವಾಗಿ ಅರ್ಜಿ ಹಾಕಲು ಅವಕಾಶವಿರುವುದರಿಂದ ನವೆಂಬರಿನಲ್ಲೇ ಹಾಕಿದ್ದರು.

ಹಿಂದಿನ ವರ್ಷಗಳಲ್ಲಿ ಈ ಕಾತರವಿರಲಿಲ್ಲ. ಐವತ್ತು ಲಕ್ಷ ಯೆನ್ ಬಂಡವಾಳ ಹೂಡಿದವನು, ಇಲ್ಲವೆ ಇಬ್ಬರು ಪೂರ್ಣಕಾಲದ ನೌಕರರನ್ನು ಇಟ್ಟುಕೊಂಡವನು, ತೆರಿಗೆಯನ್ನು ಸರಿಯಾಗಿ ಕಟ್ಟುತ್ತಿದ್ದರೆ ಹೆಚ್ಚು ಹೆದರಬೇಕಾಗಿರಲಿಲ್ಲ. 2025ರ ಅಕ್ಟೋಬರ್ 16ರಂದು ನಿಯಮ ಬದಲಾಯಿತು. ಬಂಡವಾಳ ಮೂರು ಕೋಟಿ ಯೆನ್ ಆಗಬೇಕು. ರೂಪಾಯಿಯ ಲೆಕ್ಕದಲ್ಲಿ ಒಂದೂವರೆ ಕೋಟಿಗೆ ಕಡಿಮೆಯಿಲ್ಲ. ಅದರ ಜೊತೆಗೆ ಪೂರ್ಣಕಾಲದ ನೌಕರನೊಬ್ಬ ಇರಲೇಬೇಕು. ಅವನು ಜಪಾನೀಯನೋ, ಶಾಶ್ವತ ನಿವಾಸದಂಥ ಅರ್ಹತೆಯುಳ್ಳವನೋ ಆಗಿರಬೇಕು. ಒಡೆಯನಿಗಾಗಲಿ ಪೂರ್ಣಕಾಲದ ನೌಕರನೊಬ್ಬನಿಗಾಗಲಿ ಜಪಾನೀ ಭಾಷೆ ಚೆನ್ನಾಗಿ ಬರಬೇಕು. ಒಡೆಯನಿಗೆ ಮೂರು ವರ್ಷದ ನಿರ್ವಹಣೆಯ ಅನುಭವವೋ ಉನ್ನತ ಪದವಿಯೋ ಇರಬೇಕು.

ಸರಕಾರದ ಸಂಶಯ ನಿರಾಧಾರವಾದುದೆಂದು ಹೇಳುವಂತಿಲ್ಲ. 2024ರ ಕೊನೆಗೆ ಈ ಅರ್ಹತೆಯುಳ್ಳವರ ಸಂಖ್ಯೆ 41,000ವನ್ನು ಮೀರಿತ್ತು. ಕಾಗದದ ಮೇಲೆ ಮಾತ್ರ ಕಂಪನಿ ಇಟ್ಟು ದೇಶದೊಳಗೆ ನೆಲಸುವವರೂ ಇದ್ದರು. ಆದರೆ ಕಳ್ಳನಿಗೆ ಬೀಸಿದ ಬಲೆಯಲ್ಲಿ ದೋಸೆ ಹೊಯ್ಯುವವನೂ ಸಿಕ್ಕಿಕೊಂಡ.

ಯಜಮಾನರ ಹೋಟೆಲಿನಲ್ಲಿರುವುದು ಹದಿನಾರು ಕುರ್ಚಿ. ಇಬ್ಬರು ಅಡಿಗೆಯವರಿದ್ದಾರೆ, ಆದರೆ ಅವರೂ ಪರದೇಶದವರೇ ಆದ್ದರಿಂದ ಲೆಕ್ಕಕ್ಕೆ ಬರರು. ಸಂಜೆ ಬಂದು ತಟ್ಟೆ ಇಡುವ ಜಪಾನೀ ವಿದ್ಯಾರ್ಥಿನಿ ಪೂರ್ಣಕಾಲದವಳಲ್ಲ, ಆದ್ದರಿಂದ ಅವಳೂ ಬರಳು. ಯಜಮಾನರ ಜಪಾನೀ ಭಾಷೆಯೋ, ಮಾರುಕಟ್ಟೆಯಲ್ಲಿ ಬದನೆಕಾಯಿ ಚೌಕಾಶಿ ಮಾಡುವಷ್ಟಕ್ಕೆ ಪ್ರಖ್ಯಾತ; ಅಕ್ಷರ ಕಂಡರೆ ಮೌನ. ಮನೆಗೆ ಬಂದ ಕಾಗದಗಳನ್ನು ಓದಿ ಹೇಳುವವಳು ಅಲ್ಲಿಯ ಶಾಲೆಯಲ್ಲಿ ನಾಲ್ಕನೆಯ ತರಗತಿಯಲ್ಲಿರುವ ಮಗಳು.

ಇದೆಲ್ಲಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿತ್ತು. ನಿರ್ವಾಹಕನೆಂದವನು ನಿರ್ವಹಿಸಬೇಕು, ಮುಖ್ಯವಾಗಿ ಕೈಕೆಲಸದಲ್ಲೇ ತೊಡಗಿದ್ದರೆ ಅವನು ನಿರ್ವಾಹಕನೆನಿಸುವುದಿಲ್ಲ. ಅಡಿಗೆ ಮಾಡುವವನ ಅರ್ಹತೆಯೇ ಬೇರೆ, ಅದಕ್ಕೆ ಹತ್ತು ವರ್ಷದ ಅನುಭವದ ದಾಖಲೆ ಬೇಕು. ಯಜಮಾನರು ಮೊದಲು ಆ ದೇಶಕ್ಕೆ ಬಂದದ್ದು ಅಡಿಗೆಯವರಾಗಿಯೇ. ಇನ್ನೊಬ್ಬರ ಒಲೆಯ ಮುಂದೆ ನಿಂತು ಕೂಡಿಟ್ಟ ಹಣದಿಂದ ಸ್ವಂತ ಹೋಟೆಲು ತೆರೆದು ಅರ್ಹತೆಯನ್ನು ಬದಲಾಯಿಸಿಕೊಂಡರು. ಅಂದಿನಿಂದ ಅವರ ಸ್ಥಾನ ಗಲ್ಲೆಯ ಹಿಂದೆ. ಆದರೆ ಕುಂದಾಪುರದ ಕಡೆಯ ಹೋಟೆಲಿನವನು ಗಲ್ಲೆಯಲ್ಲಿ ಸುಮ್ಮನೆ ಕೂರಬಲ್ಲನೇ? ಮಾಣಿ ತಪ್ಪಿಸಿಕೊಂಡ ದಿನ ಲೋಟ ತೊಳೆಯುವುದೂ, ಭಟ್ಟನಿಗೆ ಜ್ವರ ಬಂದ ದಿನ ಸೌಟು ಹಿಡಿಯುವುದೂ ಯಜಮಾನಿಕೆಯ ಅಂಗವೆಂದೇ ಅಲ್ಲಿ ತಿಳಿಯುತ್ತಾರೆ. ಇಲ್ಲಿ ಹಾಗಿಲ್ಲ. ಚಳಿಗಾಲದಲ್ಲಿ ಉದ್ದಿನ ಹಿಟ್ಟು ಉಬ್ಬದೆ ಮುನಿಸಿಕೊಂಡಾಗ, ಕಾವಲಿಯ ಮೇಲೆ ದೋಸೆ ಏಳದೆ ಹಟ ಹಿಡಿದಾಗ, ಯಜಮಾನರು ಗಾಜಿನ ಆಚೆಗೆ ನಿಂತು ಕೈ ಹಿಸುಕಿಕೊಳ್ಳುತ್ತಿದ್ದರು. ಒಂದೊಂದು ಸಲ ತಡೆಯಲಾರದೆ ಒಳಗೆ ನುಗ್ಗಿ ನಾಲ್ಕು ದೋಸೆ ಹೊಯ್ದು, ಕದ್ದ ಹುಡುಗನಂತೆ ಹೊರಗೆ ಬರುತ್ತಿದ್ದರು. ನಾಲ್ಕು ದೋಸೆಗೆ ಯಾರೂ ಅರ್ಹತೆ ಕಿತ್ತುಕೊಳ್ಳುವುದಿಲ್ಲವೆಂದು ಲೆಕ್ಕಪತ್ರದವನು ಎಷ್ಟು ಹೇಳಿದರೂ ಅವರ ಮನಸ್ಸು ಒಪ್ಪದು.

ಜಪಾನಿನಲ್ಲಿ ಭಾರತೀಯರ ಅಡಿಗೆಗೂ ನಿವಾಸದ ಚಿಂತೆಗೂ ನಂಟು ಹಳೆಯದು. 1915ರಲ್ಲಿ ಅಲ್ಲಿಗೆ ಹೋಗಿ ಸೇರಿದ ಕ್ರಾಂತಿಕಾರಿ ರಾಸಬಿಹಾರಿ ಬೋಸರಿಗೆ ಅದೇ ವರ್ಷ ದೇಶ ಬಿಡಬೇಕೆಂಬ ಆಜ್ಞೆಯಾಯಿತು. ಷಿಂಜುಕುವಿನ ನಕಮುರಾಯ ಎಂಬ ರೊಟ್ಟಿಯಂಗಡಿಯ ಸೋಮಾ ದಂಪತಿಗಳು ಅವರನ್ನು ಬಚ್ಚಿಟ್ಟುಕೊಂಡರು. ಮುಂದೆ ಮಗಳನ್ನೂ ಕೊಟ್ಟರು. 1923ರಲ್ಲಿ ಬೋಸರು ಆ ದೇಶದ ಪ್ರಜೆಯಾದರು. 1927ರಲ್ಲಿ ಅದೇ ಅಂಗಡಿಯಲ್ಲಿ ಭಾರತೀಯ ಶೈಲಿಯ ಕರಿ ಮಾರಾಟಕ್ಕೆ ಬಂತು; ಇಂದಿಗೂ ಜನ ಅದನ್ನು ತಿನ್ನುತ್ತಾರೆ. ಈ ಕಥೆಯನ್ನು ಯಜಮಾನರಿಗೆ ಹೇಳಿದ ಗಿರಾಕಿಯೊಬ್ಬರಿಗೆ ಸಿಕ್ಕ ಉತ್ತರ: “ಅವರ ಹಿಂದೆ ಬ್ರಿಟಿಷ್ ಸರಕಾರ ಇತ್ತು ಸ್ವಾಮಿ, ಬಚ್ಚಿಟ್ಟುಕೊಳ್ಳುವವರಿದ್ದರು. ನನ್ನ ಹಿಂದೆ ಬರೀ ಲೆಕ್ಕ ಇದೆ.”

ಲೆಕ್ಕದಲ್ಲಿ ಕೊಂಚ ಕರುಣೆಯೂ ಇಲ್ಲದಿಲ್ಲ. ಮೊದಲೇ ನೆಲಸಿದ್ದವರಿಗೆ ಮೂರು ವರ್ಷದ ಗಡುವು, ಎಂದರೆ 2028ರ ಅಕ್ಟೋಬರ್ 16ರವರೆಗೆ. ಅಲ್ಲಿಯವರೆಗೆ ಹೊಸ ಅಳತೆಗೆ ಮುಟ್ಟದಿದ್ದರೂ ವ್ಯಾಪಾರದ ಸ್ಥಿತಿ ನೋಡಿ, ಮುಂದೆ ಮುಟ್ಟುವ ಸಂಭವ ನೋಡಿ ತೀರ್ಮಾನ ಮಾಡುವರು. ಆ ಸಂಭವವೆಂಬ ಮಾತೇ ಯಜಮಾನರ ನಿದ್ದೆ ಕದ್ದದ್ದು. ಹದಿನಾರು ಕುರ್ಚಿಯ ಹೋಟೆಲು ಎಷ್ಟು ದೋಸೆ ಮಾರಿದರೆ ಮೂರು ಕೋಟಿಯಾದೀತು? ಮತ್ತೆ, ಹೆಂಡತಿಯ ಮತ್ತು ಮಗಳ ನಿವಾಸ ಅವರ ನಿವಾಸದ ಬಾಲವನ್ನೇ ಹಿಡಿದು ನಿಂತದ್ದು. ಊರಿನಿಂದ ತಾಯಿ ಟೆಲಿಫೋನಿನಲ್ಲಿ, “ಸಾಕು ಮಗಾ, ಬಂದುಬಿಡು, ಇಲ್ಲಿ ಗದ್ದೆ ಉಂಟಲ್ಲ,” ಎಂದಳು. ಮಗಳು ಪಕ್ಕದಲ್ಲೇ ಕುಳಿತು ಗೆಳತಿಗೆ ಜಪಾನೀ ಭಾಷೆಯಲ್ಲಿ ಏನನ್ನೋ ಬರೆಯುತ್ತಿದ್ದಳು. ಕನ್ನಡ ಅಕ್ಷರಗಳನ್ನು ಅವಳು ಇನ್ನೂ ಕೂಡಿಸಿ ಕೂಡಿಸಿ ಓದುವವಳು. ಯಜಮಾನರು ತಾಯಿಗೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಜನವರಿ ಕೊನೆಯ ಒಂದು ಮಧ್ಯಾಹ್ನ ಕಾರ್ಡು ಬಂತು. ತಮ್ಮದೇ ವಕ್ರ ಬರಹ ತಮಗೇ ಗುರುತು ಸಿಗಲು ಅರೆಗಳಿಗೆ ಹಿಡಿಯಿತು. ಮಗಳು ಶಾಲೆಯಿಂದ ಬರುವವರೆಗೆ ಅದು ಗಲ್ಲೆಯ ಮೇಲೆ ಬೋರಲು ಬಿದ್ದಿತ್ತು. ಬಂದವಳು ಚೀಲವನ್ನೂ ಇಳಿಸದೆ ಓದಿದಳು: ಪಾಸ್‌ಪೋರ್ಟು ತರಬೇಕು, ನಿವಾಸದ ಚೀಟಿ ತರಬೇಕು, 6,000 ಯೆನ್ನಿನ ಮುದ್ರಾಂಕ ತರಬೇಕು.

“ಶುಲ್ಕ ಕೇಳಿದ್ದಾರಪ್ಪಯ್ಯ,” ಎಂದಳು. ನಿರಾಕರಿಸಿದವರು ಶುಲ್ಕ ಕೇಳುವುದಿಲ್ಲವೆಂಬುದು ಆ ಮನೆಯಲ್ಲಿ ಅವಳಿಗೂ ತಿಳಿದ ವಿಷಯ.

ಮರುದಿನ ಯಜಮಾನರು ಷಿನಾಗಾವಾದ ಕಡೆಗೆ ಹೋಗಿ ಸಾಲಿನಲ್ಲಿ ನಿಂತು, ಹೊಸ ಚೀಟಿ ಪಡೆದು, ಕತ್ತಲಾಗುವ ಹೊತ್ತಿಗೆ ಮರಳಿದರು. ಹೆಂಡತಿ ಬಾಗಿಲಲ್ಲೇ, “ಎಷ್ಟು ವರ್ಷ ಕೊಟ್ಟರು?” ಎಂದಳು. ಅವರು ಒಂದು ಬೆರಳು ಎತ್ತಿ ತೋರಿಸಿದರು. ಅವಳು ಸ್ವಲ್ಪ ಹೊತ್ತು ಆ ಬೆರಳನ್ನೇ ನೋಡಿ, “ಸರಿ, ನಾಳೆಗೆ ಅಕ್ಕಿ ನೆನೆಹಾಕಬೇಕು,” ಎಂದು ಒಳಗೆ ಹೋದಳು. ಯಜಮಾನರು ಕೋಟು ಬಿಚ್ಚಿಟ್ಟು, ಅತ್ತಿತ್ತ ನೋಡಿ, ಉದ್ದಿನ ಡಬ್ಬಿ ಹಿಡಿದು ಅವಳ ಹಿಂದೆಯೇ ನಡೆದರು.