ಸಲಿಕೆಯ ವಿದ್ಯೆ

ಉಗಿಬಂಡಿಯು ನಿಲ್ದಾಣಕ್ಕೆ ಬಂದು ನಿಂತಾಗ ಜನರ ಕಣ್ಣು ಮೊದಲು ಹೋಗುತ್ತಿದ್ದುದು ಡ್ರೈವರನ ಕಡೆಗೆ. ಆಯುಧಪೂಜೆಯ ದಿನ ಎಂಜಿನ್ನಿಗೆ ಹಾರ ಬಿದ್ದರೆ ಡ್ರೈವರನ ಕೊರಳಿಗೂ ಒಂದು ಬೀಳುತ್ತಿದ್ದಿತು. ಅವನ ಹಿಂದೆ, ಮೊಣಕೈವರೆಗೆ ಮಸಿ ಬಳಿದುಕೊಂಡು, ಒದ್ದೆ ವಸ್ತ್ರದಿಂದ ಕೊರಳೊರಸಿಕೊಳ್ಳುತ್ತ ನಿಂತ ಫಾಯರ್‌ಮನ್ನನನ್ನು ವಿಚಾರಿಸುವವರು ವಿರಳ. ಕಲ್ಲಿದ್ದಲು ಹಾಕುವ ಆಳು, ತೋಳಿನಲ್ಲಿ ಬಲವಿದ್ದರಾಯಿತು, ಎಂಬುದೇ ವಿದ್ಯಾವಂತರ ಮನೆಗಳಲ್ಲಿಯೂ ಅವನ ವಿಷಯವಾಗಿ ಇದ್ದ ತಿಳಿವಳಿಕೆ. ಇದು ಅರ್ಧ ಸತ್ಯವೂ ಅಲ್ಲ.

ಸೊಲ್ಲಾಪುರದಿಂದ ಮುಂದುವರಿದ ಜಿ.ಐ.ಪಿ. ರೈಲ್ವೆಯ ಹಳಿಯು 1871ರಲ್ಲಿ ರಾಯಚೂರನ್ನು ಮುಟ್ಟಿ, ಮದ್ರಾಸಿನ ಕಡೆಯಿಂದ ಬಂದ ಹಳಿಯೊಡನೆ ಕೂಡಿತು. ಮುಂಬಯಿ ಮದ್ರಾಸುಗಳ ನಡುವಣ ಈ ದಾರಿಯು ಹೀಗೆ ನಿಜಾಮರ ರಾಜ್ಯದ ಕನ್ನಡ ನಾಡನ್ನು ಹಾಯ್ದು ಹೋಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕವಲು ತೆರೆಯಲಾಗಿ ವಾಡಿಯು ಜಂಕ್ಷನ್ ಎನಿಸಿತು. ಕಲಬುರಗಿಯ ಮಗ್ಗುಲಿನ ಕುಸನೂರ ಮೊದಲಾದ ಊರುಗಳದು ಜೋಳ ತೊಗರಿಗಳ ಎರೆಭೂಮಿ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಬಿರುಕು. ಇಂಥ ಸೀಮೆಯ ಒಕ್ಕಲು ಮನೆತನಕ್ಕೆ ರೈಲ್ವೆಯ ನೌಕರಿಯೆಂದರೆ ಮುಗಿಲನ್ನು ನಂಬದ ಅನ್ನವಾಗಿದ್ದಿತು. ಅದಕ್ಕೆ ತೆರಬೇಕಾದ ಬೆಲೆ ಮಾತ್ರ ಬೇರೆಯೇ ಇದ್ದಿತು.

ಹುಡುಗನು ಮೊದಲು ಎಂಜಿನ್ ಒರೆಸುವ ಕ್ಲೀನರನಾಗಿ ಸೇರಬೇಕು. ಎಣ್ಣೆ ಚಿಂದಿಗಳ ನಡುವೆ ಕೆಲವು ವರುಷ ಕಳೆದ ಮೇಲೆ ಎರಡನೆಯ ಫಾಯರ್‌ಮನ್; ಅವನ ಕೆಲಸ ಕಲ್ಲಿದ್ದಲಿನ ಹೆಂಟೆಗಳನ್ನು ಸುತ್ತಿಗೆಯಿಂದ ಮುಷ್ಟಿಗಾತ್ರಕ್ಕೆ ಒಡೆದು ಮುಂದಕ್ಕೆ ತಳ್ಳುವುದು. ಆ ಬಳಿಕ ಸಲಿಕೆ ಹಿಡಿಯುವ ಮೊದಲನೆಯ ಫಾಯರ್‌ಮನ್, ಅನಂತರ ಶಂಟರ್, ಕೊನೆಗೆ ಮಾಲುಗಾಡಿಯ ಡ್ರೈವರ್. ಮೇಲ್ ಗಾಡಿಯ ಹಿಡಿಕೆ ಕೈಗೆ ಬರುವ ಹೊತ್ತಿಗೆ ತಲೆ ನರೆತಿರುತ್ತಿದ್ದಿತು.

ಇನ್ನು ಆ ಸಲಿಕೆಯ ಮಾತು. ಸ್ವಾತಂತ್ರ್ಯ ಬಂದ ವರುಷ, 1947ರಲ್ಲಿ, ನಮ್ಮ ಅಗಲ ಹಳಿಗಳಿಗೆ ಬಂದ ಡಬ್ಲ್ಯು.ಪಿ. ಎಂಜಿನ್ನಿನ ಒಲೆಯ ಜಾಲರಿಯು 46 ಚದರ ಅಡಿ. ಸಾಧಾರಣ ಮನೆಯ ಅಡಿಗೆಕೋಣೆಯ ಅರ್ಧದಷ್ಟೆನ್ನಬಹುದು. ಅಷ್ಟು ಅಗಲಕ್ಕೂ ಬೆಂಕಿಯ ಹಾಸು ಹದವಾಗಿ ಇರಬೇಕು: ಬಾಗಿಲ ಬಳಿಯಲ್ಲಿಯೂ ಹಿಂದಿನ ಮೂಲೆಗಳಲ್ಲಿಯೂ ದಪ್ಪ, ಮುಂದಕ್ಕೆ ಹೋದಂತೆ ತೆಳು. ಒಮ್ಮೆಗೆ ರಾಶಿ ಸುರಿದರೆ ಬೆಂಕಿ ಉಸಿರುಗಟ್ಟಿ ಕರಿಹೊಗೆ ಕಾರುವುದು. ಎಲ್ಲಿಯಾದರೂ ಕಿಂಡಿ ಬಿದ್ದರೆ ತಣ್ಣನೆಯ ಗಾಳಿ ನುಗ್ಗಿ ಉಗಿಯ ಒತ್ತಡ ಇಳಿಯುವುದು. ಆದುದರಿಂದ ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ, ಎಸೆದ ಜಾಗದಲ್ಲಿಯೇ ಬೀಳುವಂತೆ ಎಸೆಯಬೇಕು. ಅದೂ ಕುಲುಕುವ ತಗಡಿನ ಮೇಲೆ ನಿಂತು. ಬಲ್ಲವನು ಹೊಗೆಗೊಳವೆಯ ಬಾಯಿಯನ್ನೊಮ್ಮೆ ನೋಡಿ ಒಲೆಯೊಳಗಿನ ಸ್ಥಿತಿಯನ್ನು ಹೇಳುತ್ತಿದ್ದನು. ಹೊಗೆ ತೆಳ್ಳಗೆ ಬೂದುಬಣ್ಣವಾಗಿದ್ದರೆ ಸರಿ. ಕಪ್ಪಾದರೆ ಇದ್ದಲು ಹೆಚ್ಚು. ಏನೂ ಕಾಣದಿದ್ದರೆ ಗಾಳಿ ಹೆಚ್ಚು. ಕಣ್ಣು ಕುಕ್ಕುವ ಆ ಬಿಳಿಯ ಬೆಂಕಿಯಲ್ಲಿ ಕಿಂಡಿಯೆಲ್ಲಿದೆಯೆಂದು ತಿಳಿಯಲು ಸಲಿಕೆಯನ್ನೇ ಮಗುಚಿ ಬಾಗಿಲೊಳಗೆ ಹಿಡಿಯುತ್ತಿದ್ದರು. ಗಾಳಿ ಅದರ ಜಾಡಿನಲ್ಲಿ ಹರಿದು ಜ್ವಾಲೆಯನ್ನು ಸರಿಸಿದಾಗ ತಳ ಕಾಣುವುದು. ಬೂದಿ ಹೆಚ್ಚಾದ ನಮ್ಮ ದೇಶದ ಇದ್ದಲು ಕರಗಿ ಕಿಟ್ಟಗಟ್ಟಿದರೆ ಉದ್ದನೆಯ ಸಲಾಕೆಯಿಂದ ಒಡೆಯಬೇಕು. ಮೇ ತಿಂಗಳಿನಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ಮೀರಿದಾಗ ಹಿಂದೆ ಸೂರ್ಯ, ಮುಂದೆ ಒಲೆ.

ಆದರೆ ಬೆಂಕಿಗಿಂತಲೂ ನೀರಿನ ಲೆಕ್ಕ ದೊಡ್ಡದು. ಒಲೆಯ ನೆತ್ತಿಯ ಮೇಲೆ ಸದಾ ನೀರು ನಿಂತಿರಬೇಕು. ಅದು ಬರಿದಾದರೆ ಕೆಂಡದಂತೆ ಕಾದ ತಗಡು ಒತ್ತಡವನ್ನು ತಾಳಲಾರದು. ನೆತ್ತಿಗೆ ಬಡಿದ ಸೀಸದ ಬಿರಡೆ ಕರಗಿ ಉಗಿಯು ಒಲೆಗೆ ಸುರಿಯುವುದೇ ಕೊನೆಯ ಎಚ್ಚರಿಕೆ. ನೀರಿನ ಮಟ್ಟ ತೋರುವ ಗಾಜಿನ ಕೊಳವೆಯೂ ಒಂದೊಂದು ವೇಳೆ ವಂಚಿಸುವುದುಂಟು. ಬಂಡಿ ಏರನ್ನು ಏರುವಾಗ ನೀರು ಹಿಂದಕ್ಕೆ ಸರಿದು ಕೊಳವೆ ತುಂಬಿದಂತೆ ಕಾಣುವುದು. ಏರಿನ ತುದಿ ದಾಟಿ ಇಳಿಯತೊಡಗಿದೊಡನೆ ಮುಂದಕ್ಕೆ ಹರಿದು ನೆತ್ತಿ ಬರಿದಾಗುವುದು. ದಾರಿಯ ಪ್ರತಿಯೊಂದು ಏರಿಳಿತವನ್ನು ಬಾಯಿಪಾಠ ಮಾಡಿ, ಏರುವಾಗಲೇ ಇಳಿಜಾರಿನ ನೀರನ್ನು ತುಂಬಿಸಿಕೊಂಡವನ ಕೈಯಲ್ಲಿ ಹಿಂದಿನ ನೂರಾರು ಜನರ ಪ್ರಾಣವಿದ್ದಿತು. ಅವರಾದರೋ ನಿದ್ದೆ ಮಾಡುತ್ತಿದ್ದರು. ಅದೇ ಅವನ ಕೆಲಸ ಚೆನ್ನಾಗಿ ನಡೆದುದಕ್ಕೆ ಸಾಕ್ಷಿ.

ಮನೆಯವರ ಪಾಲಿಗೆ ಕಾಲ್‌ಬಾಯ್ ಎಂಬವನೇ ಗಡಿಯಾರ. ನಡುರಾತ್ರಿಯಲ್ಲಿ ಕಂದೀಲು ಹಿಡಿದು ಬಂದು, ಬಾಗಿಲು ಬಡಿದು, ವಹಿಯಲ್ಲಿ ರುಜು ಪಡೆದು ಹೋಗುವನು. ಹೆಂಡತಿ ಎದ್ದು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡಬೇಕು. ಎಷ್ಟು ದಿನಕ್ಕೆಂದು ಕೇಳಿದರೆ ಉತ್ತರವಿಲ್ಲ. ಬೇಗ ಕೆಡದ ಈ ರೊಟ್ಟಿಯು ರೈಲಿನವರಿಗಾಗಿಯೇ ಹುಟ್ಟಿತೋ ಎನ್ನಬೇಕು. ಮಾಲುಗಾಡಿಯು ಒಂದೊಂದು ನಿಲ್ದಾಣದಲ್ಲಿ ಮೇಲ್ ಗಾಡಿಗಳಿಗೆ ದಾರಿ ಬಿಡುತ್ತ ಗಂಟೆಗಟ್ಟಲೆ ನಿಂತರೂ ಒಲೆ ಆರುವಂತಿಲ್ಲ, ಫಾಯರ್‌ಮನ್ ಮಲಗುವಂತಿಲ್ಲ. 1973ರ ಆಗಸ್ಟಿನಲ್ಲಿ ದೇಶದ ಎಂಜಿನ್ ನೌಕರರು ಕೆಲಸ ನಿಲ್ಲಿಸಿದ ಮೇಲೆಯೇ ಒಮ್ಮೆಗೆ ಹತ್ತು ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ಮಾತಿಗೆ ಸರಕಾರವು ಒಪ್ಪಿತು. ಒಪ್ಪಿದುದು ನಡೆಯಲಿಲ್ಲವೆಂಬ ಅಸಮಾಧಾನವೂ 1974ರ ಮೇ ತಿಂಗಳಿನ ದೊಡ್ಡ ಮುಷ್ಕರದ ಕಾರಣಗಳಲ್ಲೊಂದಾಗಿದ್ದಿತು. ಹತ್ತು ಗಂಟೆಯನ್ನು ಬೇಡಿ ಪಡೆಯಬೇಕಾಯಿತೆಂದರೆ ಅದಕ್ಕೆ ಮೊದಲಿನ ಶತಮಾನವನ್ನು ವಾಚಕರೇ ಊಹಿಸಿಕೊಳ್ಳಬಹುದು.

ಅಗಲ ಹಳಿಯ ಕೊನೆಯ ನಿತ್ಯದ ಉಗಿಬಂಡಿಯು 1995ರಲ್ಲಿ ಪಂಜಾಬಿನಲ್ಲಿ ನಿಂತಿತು. ಅದಕ್ಕೆ ಮೊದಲೇ ಫಾಯರ್‌ಮನ್ನರಿಗೆ ಡೀಸೆಲ್ ಎಂಜಿನ್ನಿನಲ್ಲಿ ಸಹಾಯಕರೆಂಬ ಹೆಸರು ಬಂದಿದ್ದಿತು. ಬೆನ್ನಿಗೆ ವಿಶ್ರಾಂತಿ ದೊರೆಯಿತು, ಅದನ್ನು ಬೇಡವೆಂದವರಿಲ್ಲ. ಹೊಗೆ ನೋಡಿ ಬೆಂಕಿ ತಿಳಿಯುವ ವಿದ್ಯೆಯನ್ನು ಮಾತ್ರ ಕಲಿಯಬಯಸುವ ಹುಡುಗರು ಇಲ್ಲವಾದರು. ಕಲಬುರಗಿಯಿಂದ ಕಮಲಾಪುರದ ಮೇಲೆ ಬೀದರಕ್ಕೆ ಹೋಗುವ ಹೊಸ ಹಳಿಯು 2017ರಲ್ಲಿ ತೆರೆಯಿತು. ಆ ದಾರಿಯ ನಿಲ್ದಾಣಗಳಲ್ಲಿ ಎಂಜಿನ್ನಿಗೆ ನೀರುಣಿಸುವ ಕಂಬದ ಅಗತ್ಯವೇ ಬೀಳಲಿಲ್ಲ.