ಚೊಗರಿನ ಕೈ, ಚಂದಮಾಮದ ಪುಟ

ದೀಪಾವಳಿ ಕಳೆದು ಕೊನೆಕೊಯ್ಲು ಶುರುವಾಯಿತೆಂದರೆ ನಮ್ಮ ಮನೆಯ ಜಗಲಿಗೆ ರಾತ್ರಿ ಎನ್ನುವುದೇ ಇರುತ್ತಿರಲಿಲ್ಲ. ಗ್ಯಾಸ್‌ಲೈಟಿನ ಸುಂಯ್ ಸದ್ದು, ಸಾಲಾಗಿ ಕೂತವರ ಮೆಟ್ಟುಗತ್ತಿಗಳ ಕರಕರ, ಹಿತ್ತಿಲ ಒಲೆಯ ಮೇಲೆ ಬೇಯುವ ಅಡಿಕೆಯ ಒಗರು ವಾಸನೆ, ಸಿಪ್ಪೆರಾಶಿಗೆ ಒರಗಿ ತೂಕಡಿಸುವ ನಾವು ಮಕ್ಕಳು. ಸುಲಿಯುವವರಿಗೆ ನಿದ್ದೆ ಹತ್ತದಂತೆ ಯಾರಾದರೂ ಗಟ್ಟಿಯಾಗಿ ಓದಬೇಕು, ಓದುವುದೆಂದರೆ ಚಂದಮಾಮ ಪತ್ರಿಕೆ. ಸಾಗರದ ಪೇಟೆಗೆ ಹೋದ ಅಪ್ಪಯ್ಯನ ಚೀಲದಲ್ಲಿ ಬೆಲ್ಲ, ಚಾಪುಡಿಯ ಜೊತೆಗೇ ಬರುತ್ತಿದ್ದ ಅದಕ್ಕೆ ಶಾಯಿಗಿಂತ ಚಾಪುಡಿಯ ಘಮವೇ ಹೆಚ್ಚು. “ಚೊಗರು ಕೈಯಲ್ಲಿ ಮುಟ್ಟಡ ಮಾಣಿ” ಎಂದು ಅಮ್ಮಮ್ಮ ಎಷ್ಟು ಗದರಿದರೂ ಪುಟದ ಅಂಚಿಗೆಲ್ಲ ನಮ್ಮ ಕಂದು ಹೆಬ್ಬೆಟ್ಟು.

ಅಕ್ಕ ಓದುವಳು, ನಾವು ಚಿತ್ರಕ್ಕೆ ಮುಗಿಬೀಳುವೆವು. ಮುಖಪುಟದ ಮೂಲೆಯಲ್ಲಿ ‘ವಪಾ’ ಎಂದು ತೆಲುಗಿನಲ್ಲಿದ್ದ ರುಜುವನ್ನು ನಮ್ಮ ಅಕ್ಷರವೆಂದೇ ಓದಿಕೊಂಡೆವು. ಅವರು ವಡ್ಡಾದಿ ಪಾಪಯ್ಯ ಎಂದು ತಿಳಿದದ್ದು ದೊಡ್ಡವರಾದ ಮೇಲೆ. ಕನ್ನಡಿಗರೇ ಆದ ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಮುಖಪುಟಗಳನ್ನು ಅಮ್ಮ ಹಳೆ ಸಂಚಿಕೆಗಳಿಂದ ಬಿಡಿಸಿ ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಯ ಅಡಿಗೆ ಇಟ್ಟಿದ್ದಳು. ಬೇತಾಳನ ಕಥೆಯ ಪುಟ ಬಂತೆಂದರೆ ಮಾತ್ರ ಎಲ್ಲರೂ ಒತ್ತೊತ್ತಾಗಿ ಕೂರುವುದು: ಕಾಲಡಿ ತಲೆಬುರುಡೆ, ಕೈಯಲ್ಲಿ ಹಿರಿದ ಕತ್ತಿ, ಹೆಗಲ ಮೇಲೆ ಹೆಣ, ಅಷ್ಟಾದರೂ ಅಳುಕದ ರಾಜ ವಿಕ್ರಮನ ಮುಖ. ಅದನ್ನು ನೋಡಿದ ಮೇಲೆ ಬಚ್ಚಲಿಗೆ ಒಬ್ಬೊಬ್ಬರೇ ಹೋದವರಿಲ್ಲ, ಕತ್ತಲ ತೋಟದಲ್ಲಿ ಸೋಗೆ ಬಿದ್ದರೆ ವಿಕ್ರಮನೇ ನಡೆದುಬಂದ.

ನಾಗಿರೆಡ್ಡಿ, ಚಕ್ರಪಾಣಿಯವರು ಮದರಾಸಿನಲ್ಲಿ 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ ಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂತು. ಆಚೆಮನೆಯವರು ನೆಂಟರ ಊರಿನಿಂದ ತಮಿಳು ಸಂಚಿಕೆಯೊಂದನ್ನು ತಂದಾಗ, ಅಕ್ಷರ ಬೇರೆಯಾದರೂ ಚಿತ್ರ ಅದೇ, ಕಥೆಯನ್ನು ನಾವೇ ಹೇಳಿ ಮುಗಿಸಿದೆವು. ಕಲಾಶಾಲೆಯ ಮೆಟ್ಟಿಲನ್ನೇ ಹತ್ತದ ರಾಘವನ್ ‘ಚಿತ್ರಾ’ ಎಂಬ ಹೆಸರಿನಲ್ಲಿ, ಮದರಾಸಿನ ಕಲಾಶಾಲೆಯಲ್ಲಿ ಕಲಿತ ಶಿವಶಂಕರನ್ ‘ಶಂಕರ್’ ಎಂಬ ಹೆಸರಿನಲ್ಲಿ ತಿಂಗಳು ತಿಂಗಳೂ ಕೂತು ಗೆರೆ ಎಳೆದದ್ದರಿಂದಲೇ ಅರಮನೆ ಹೇಗಿರುತ್ತದೆ, ಕಾಡುದಾರಿಯ ಕಳ್ಳ ಹೇಗೆ ಪೇಟ ಸುತ್ತುತ್ತಾನೆ, ರಾಕ್ಷಸನ ಉಗುರು ಎಷ್ಟುದ್ದ ಎಂಬುದೆಲ್ಲ ಗ್ಯಾಸ್‌ಲೈಟಿನಡಿ ಕೂತಿದ್ದ ನಮಗೆ ಕಂಡದ್ದು.

ಈಗ ಅಡಿಕೆ ಸುಲಿಯುವುದಕ್ಕೆ ಯಂತ್ರ ಬಂದಿದೆ, ಕೊಯ್ಲಿನಲ್ಲೂ ಒಂಬತ್ತಕ್ಕೆ ಜಗಲಿಯ ಬಾಗಿಲು ಹಾಕುತ್ತಾರೆ. ಅಮ್ಮಮ್ಮ ಇಲ್ಲ, ಚಂದಮಾಮವೂ ನಿಂತಿತು. ಬೇತಾಳನ ಆ ಚಿತ್ರ ಬರೆದ ಶಂಕರ್ 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರೆಂಬ ಸುದ್ದಿ ಬಂದ ದಿನ ಬೆಂಗಳೂರು, ಪುಣೆ, ಅಮೆರಿಕ ಎಂದು ಚದುರಿಹೋದ ಆ ಜಗಲಿಯ ಮಕ್ಕಳೆಲ್ಲ ಒಬ್ಬರಿಗೊಬ್ಬರು ಫೋನು ಮಾಡಿಕೊಂಡೆವು, ಎಲ್ಲರ ಬಾಯಲ್ಲೂ ಅದೇ ಸ್ಮಶಾನ, ಅದೇ ಕತ್ತಿ. ಮರುವರ್ಷ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ಅಕ್ಕ ಅತ್ತಳು. ಎಷ್ಟು ಸಿನಿಮಾ, ಎಷ್ಟು ಧಾರಾವಾಹಿ ಬಂದು ಹೋದವು. ನಮ್ಮ ಮನೆಯವರಿಗೆ ರಾಜ ಅಂದರೆ ಇವತ್ತಿಗೂ ಶಂಕರ್ ಬರೆದವನೇ.