ಕಾರಣದ ಖಾನೆ

ರಿವಾಲ್ವರ್ ಪ್ರೀತಿಸುವವನು ವಾಸಕ್ಕೆ ಆರಿಸಿಕೊಳ್ಳಬಾರದ ಊರು ಯಾವುದಾದರೂ ಇದ್ದರೆ ಅದು ನಮ್ಮ ಚೆಂಬೂರು. ಒಂದು ಕಡೆ ಮಾಹುಲಿನ ಎಣ್ಣೆ ಶುದ್ಧೀಕರಣ ಘಟಕಗಳು, ಇನ್ನೊಂದು ಕಡೆ ಆರ್‌ಸಿಎಫ್‌ನ ಗೊಬ್ಬರದ ಕಾರ್ಖಾನೆ, ಅದರಾಚೆ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರ. ಬೀಡಿ ಹಚ್ಚುವುದಕ್ಕೂ ಹಿಂದೆಮುಂದೆ ನೋಡಬೇಕಾದ ನೆರೆಹೊರೆ. ಇಲ್ಲಿ ಲೈಸೆನ್ಸ್ ಇದ್ದವನಿಗೂ ಒಂದು ಗುಂಡು ಹಾರಿಸುವ ಆಸೆಯಾದರೆ ವರಳಿಯ ರೈಫಲ್ ರೇಂಜಿನ ತನಕ ಹೋಗಬೇಕು. ಅಮರ್ ಮಹಲ್ ಜಂಕ್ಷನ್ನಿನ ಟ್ರಾಫಿಕ್ ದಾಟುವಷ್ಟರಲ್ಲಿ ಆಸೆಯ ಅರ್ಧ ಪಾಲು ಇಳಿದಿರುತ್ತದೆ.

ಇಂಥ ಊರಿನಲ್ಲೇ ನಮ್ಮ ಧಣಿಗೆ ಇನ್ನೊಂದು ರಿವಾಲ್ವರ್ ಬೇಕಂತೆ. ಅದೂ ದೊಡ್ಡ ಬೋರಿನದು, ಎಂದರೆ ನಳಿಗೆಯ ತೂತು ಅಗಲವಾದದ್ದು.

ಧಣಿ ಎಂದರೆ ಸ್ಟೇಶನ್ ಹತ್ತಿರದ ಹೋಟೆಲೊಂದರ ಮಾಲಿಕ. ನಾನು ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲಕ್ಕೆ ಅವನು ಅದೇ ಹೋಟೆಲಿನಲ್ಲಿ ಟೇಬಲ್ ಒರೆಸುವ ಹುಡುಗ. ಹಗಲಿಡೀ ದುಡಿದು ರಾತ್ರಿ ತೂಕಡಿಸುತ್ತಿದ್ದ ಆ ಹುಡುಗರಿಗೆ ವ್ಯಾಕರಣ ಹತ್ತುತ್ತಿರಲಿಲ್ಲ. ಹತ್ತಿದ್ದು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ಅವುಗಳ ಪತ್ತೇದಾರ ಪುರುಷೋತ್ತಮ ಜೇಬಿನಿಂದ ರಿವಾಲ್ವರ್ ತೆಗೆದನೆಂದರೆ ಇಡೀ ಕ್ಲಾಸು ಎಚ್ಚರ. ಮುಂಬಯಿಯ ಎಷ್ಟು ಹೋಟೆಲ್ ಹುಡುಗರು ಅಕ್ಷರ ಕಲಿತದ್ದು ಆ ಹಸಿವಿನಿಂದ ಎಂಬುದನ್ನು ನಮ್ಮ ಸಾಹಿತ್ಯ ಚರಿತ್ರೆಗಾರರು ಬರೆದಿಲ್ಲ, ಬರೆಯುವ ಹಾಗೂ ಕಾಣುವುದಿಲ್ಲ. ಆ ಹುಡುಗರೆಲ್ಲ ಕಥೆ ಓದಿ ಮುಂದೆ ಹೋದರು. ಇವನು ಮಾತ್ರ ಜೇಬಿನಲ್ಲೇ ಉಳಿದ.

ತೊಂಬತ್ತರ ದಶಕದಲ್ಲಿ ಮುಂಬಯಿಯ ಹೋಟೆಲಿನವರಿಗೆ ಹಫ್ತಾ ಕೇಳುವ ಫೋನುಗಳು ಬರುತ್ತಿದ್ದ ದಿನಗಳಲ್ಲಿ ಅವನಿಗೆ ಲೈಸೆನ್ಸ್ ಸಿಕ್ಕಿತು. ಕಾನ್ಪುರದ ಸರಕಾರಿ ಕಾರ್ಖಾನೆಯ .32 ರಿವಾಲ್ವರ್. ಇಂಗ್ಲೆಂಡಿನ ವೆಬ್ಲಿಯ ವಂಶದ್ದು. ನಡು ಮುರಿದು ತೆರೆದರೆ ಆರೂ ಖಾಲಿ ತೋಟೆಗಳನ್ನು ತಾನೇ ಹೊರಗೆ ನೂಕುತ್ತದೆ. ತೂಕ ಮುಕ್ಕಾಲು ಕಿಲೋ ಆಸುಪಾಸು. ಬೆದರಿಕೆಯ ಫೋನುಗಳು ನಿಂತು ಎಷ್ಟೋ ಕಾಲವಾಯಿತು, ಪ್ರೀತಿ ನಿಲ್ಲಲಿಲ್ಲ. ಭಾನುವಾರ ಮಧ್ಯಾಹ್ನ ಹಳೆಯ ಪೇಪರ್ ಹಾಸಿ ಎಣ್ಣೆ ಹಾಕಿ ಒರೆಸುತ್ತಾನೆ. ದಸರೆಗೆ ಗ್ರೈಂಡರ್, ತಕ್ಕಡಿ, ಗಲ್ಲಾಪೆಟ್ಟಿಗೆಯ ಜೊತೆ ಅದಕ್ಕೂ ಕುಂಕುಮ ಬೀಳುತ್ತದೆ. ಚುನಾವಣೆ ಬಂತೆಂದರೆ ಠಾಣೆಗೆ ಒಯ್ದು ಕೊಟ್ಟು ರಸೀದಿ ತರಬೇಕು. ಆ ದಿನಗಳಲ್ಲಿ ಅವನ ಮುಖ ನೋಡಿದರೆ ಮಗಳನ್ನು ಗಂಡನ ಮನೆಗೆ ಕಳಿಸಿದ ತಂದೆ ಹೀಗೆಯೇ ಇರುತ್ತಾನೆ ಅನ್ನಿಸುತ್ತದೆ.

ಅಂಥವನು ಮೊನ್ನೆ, "ಮಾಷ್ಟ್ರೇ, ಸಣ್ಣದು ಸಾಕಾಯ್ತು. ಇನ್ನೊಂದು ದೊಡ್ಡದು ತಗೊಳ್ಳುವ ಅಂತ ಉಂಟು. ನೀವು ಎಂತ ಹೇಳ್ತೀರಿ?" ಎಂದ.

ದೊಡ್ಡದು ಎಂದರೆ ಎಷ್ಟು ದೊಡ್ಡದು? .32ರ ಗುಂಡು ಸುಮಾರು 6.4 ಗ್ರಾಂ ತೂಗುತ್ತದೆ. 1971ರ 'ಡರ್ಟಿ ಹ್ಯಾರಿ' ಚಿತ್ರದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಹಿಡಿದು ಜಗತ್ತಿನ ಗಂಡಸರ ತಲೆ ಕೆಡಿಸಿದ .44 ಮ್ಯಾಗ್ನಮ್ಮಿನದು ಸುಮಾರು 15.5 ಗ್ರಾಂ, ವೇಗವೂ ಹೆಚ್ಚುಕಡಿಮೆ ಇಮ್ಮಡಿ. ಅದನ್ನು ಹಾರಿಸಿದವನ ಮಣಿಕಟ್ಟು ಆಮೇಲೆ ಕಾಫಿ ಲೋಟ ಎತ್ತಲಿಕ್ಕೂ ತಕರಾರು ಮಾಡೀತು. ನಮ್ಮವನಿಗೆ ಅರವತ್ತು ದಾಟಿದೆ, ಎಡಭುಜಕ್ಕೆ ಫಿಸಿಯೊಥೆರಪಿ ನಡೆಯುತ್ತಿದೆ.

ಭುಜ ಒಪ್ಪಿದರೂ ಕಾನೂನು ಒಪ್ಪಬೇಕಲ್ಲ. 1959ರ ಆಯುಧ ಕಾಯ್ದೆಯ ನಿಯಮಗಳು ಬೋರುಗಳಲ್ಲೂ ಮೇಲುಕೀಳಿನ ಪಂಕ್ತಿ ಹಾಕಿವೆ. ಪೊಲೀಸು, ಸೈನ್ಯದ ತೋಟೆ ಹಿಡಿಸುವಂಥವು — .380, .455, ಸರ್ವಿಸ್ 9 ಎಂಎಂ — ನಿಷೇಧಿತ ಪಂಕ್ತಿಯವು. ಜನಸಾಮಾನ್ಯರ ಎಲೆಗೆ ಬಡಿಸುವುದಿಲ್ಲ. ಮಿಕ್ಕ ದೊಡ್ಡವು ನಿಷೇಧಿತವಲ್ಲದಿದ್ದರೂ, ಎಂಬತ್ತರ ದಶಕದಲ್ಲಿ ಸಾಮಾನ್ಯರಿಗೆ ಆಮದು ನಿಂತ ಮೇಲೆ ಒಳಗೆ ಉಳಿದ ಹಳೆಯ ವಿದೇಶಿ ರಿವಾಲ್ವರುಗಳೇ ಕೈಯಿಂದ ಕೈಗೆ ಲಕ್ಷಗಟ್ಟಲೆ ಬೆಲೆಗೆ ತಿರುಗುತ್ತಿವೆ. ಅಷ್ಟು ಕೊಟ್ಟು ತಂದರೂ ಹೊಟ್ಟೆಗೆ ಹಾಕಲು ತೋಟೆ ಎಲ್ಲಿಂದ? ಇನ್ನು ಸಂಖ್ಯೆ: ಹಿಂದೆ ಒಬ್ಬನು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು; 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಮೊದಲ ಮಸೂದೆಯಲ್ಲಿ ಒಂದೇ ಎಂದಿತ್ತು. ಆ ವಾರ ಧಣಿ ಅನ್ನ ಸರಿಯಾಗಿ ಉಂಡಿರಲಿಲ್ಲ. ಎರಡು ಎಂದು ತೀರ್ಮಾನವಾದ ದಿನ ಹೋಟೆಲಿನ ಹುಡುಗರಿಗೆಲ್ಲ ಜಿಲೇಬಿ. ಆ ಎರಡನೆಯ ಜಾಗ ಖಾಲಿ ಇದೆಯೆಂಬುದೇ ಆವತ್ತಿನಿಂದ ಅವನನ್ನು ಕೊರೆಯುತ್ತಿದೆ ಎಂದು ನನ್ನ ಗುಮಾನಿ. ಮೂರರ ಕಾಲದಲ್ಲಿ ಎರಡು ಜಾಗ ಖಾಲಿಯಿದ್ದಾಗ ಅವನಿಗೆ ಏನೂ ಅನ್ನಿಸಿರಲಿಲ್ಲ.

"ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ, ನಮಗೆ ಮಾತ್ರ ಯಾಕೆ ಈ ಕರ್ಮ?" ಎಂಬುದು ಅವನ ಹಳೆಯ ದೂರು. ನಿಜ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. ಆದರೆ ಅಲ್ಲಿ ಕೋವಿಗೆ ಮನೆಯಲ್ಲಿ ಕೆಲಸವಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂವಿಟ್ಟು ಪೂಜೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ನಮ್ಮ ಕರಾವಳಿಯ ತೋಟಗಳಲ್ಲೂ ಕೋವಿಗೆ ಹಂದಿ, ಮಂಗಗಳಿಂದ ಬೆಳೆ ಕಾಯುವ ಉದ್ಯೋಗ. ನಾನು ಹುಡುಗನಾಗಿದ್ದಾಗ ಅಜ್ಜನ ಮನೆಯ ಕೇಪಿನ ಕೋವಿ ಅಟ್ಟದ ಮೇಲೆ ಮಲಗಿರುತ್ತಿತ್ತು. ಅದರ ಅಂದಚಂದ ಯಾರೂ ನೋಡಿದವರಲ್ಲ, ಹಾರೆ ಪಿಕ್ಕಾಸಿನ ಸಾಲಿಗೆ ಸೇರಿದ ಸಾಮಾನು. ಚೆಂಬೂರಿನ ಫ್ಲ್ಯಾಟಿನಲ್ಲಿ ರಿವಾಲ್ವರಿಗೆ ಯಾವ ಉದ್ಯೋಗವೂ ಇಲ್ಲ. ಉದ್ಯೋಗವಿಲ್ಲದ್ದರಿಂದಲೇ ಅದನ್ನು ಪ್ರೀತಿಸಲು ಪುರಸೊತ್ತು.

ಪ್ರೀತಿಸುವಂಥದ್ದೇ, ಅದರಲ್ಲಿ ಎರಡು ಮಾತಿಲ್ಲ. ಸ್ಯಾಮುವೆಲ್ ಕೋಲ್ಟ್ ಹದಿಹರೆಯದಲ್ಲಿ ಕಲ್ಕತ್ತೆಗೆ ಹೊರಟ ಹಡಗಿನಲ್ಲಿ ಕೂಲಿಯಾಗಿದ್ದಾಗ, ಚುಕ್ಕಾಣಿಯ ಚಕ್ರ ತಿರುಗಿ ಒಂದೊಂದು ಕಡೆ ಹಿಡಿದು ನಿಲ್ಲುವುದನ್ನು ನೋಡಿ ಮರದ ಮಾದರಿ ಕೆತ್ತಿದನೆಂದು ಕಥೆ. ಅದು ಅರ್ಧ ಜಾಹೀರಾತು ಇರಬಹುದು, ಆದರೂ ನನಗೆ ಇಷ್ಟ. ಪಿಸ್ತೂಲು ತನ್ನ ಹೊಟ್ಟೆಯ ಗುಟ್ಟು ಬಿಟ್ಟುಕೊಡುವುದಿಲ್ಲ. ರಿವಾಲ್ವರಿನಲ್ಲಿ ಎಲ್ಲವೂ ಕಣ್ಣೆದುರಿಗೆ. ಆರು ಮನೆ, ಒಂದು ಸುತ್ತು. 'ಶೋಲೆ'ಯ ಗಬ್ಬರ್ ಮೂರು ಜನಕ್ಕೆ ಆರು ಗುಂಡು ಹೆಚ್ಚಾಯಿತೆಂದು ಮೂರನ್ನು ಗಾಳಿಗೆ ಹಾರಿಸಿ ಸಿಲಿಂಡರ್ ತಿರುಗಿಸಿದನಲ್ಲ, ಆ ದೃಶ್ಯ ಪಿಸ್ತೂಲಿನಲ್ಲಿ ಹುಟ್ಟುವುದೇ ಸಾಧ್ಯವಿಲ್ಲ. ಅದನ್ನು ತೆಗೆದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ ಎಂದು ಧಣಿ ಹೊಸಬರಿಗೆಲ್ಲ ಹೇಳುತ್ತಾನೆ, ರಾಮನಗರ ತನ್ನ ಮಾವನ ಮನೆ ಎಂಬಂತೆ. ಗಬ್ಬರನ ರಿವಾಲ್ವರಿನ ಬೋರು ಎಷ್ಟೆಂದು ಯಾರೂ ಕೇಳಲಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ.

ನನ್ನ ತಕರಾರು ಅಲ್ಲೇ. ರಿವಾಲ್ವರಿನ ಸುಖವೆಲ್ಲ ಆ ತಿರುಗುವಿಕೆಯಲ್ಲಿದೆ, ತೂತಿನ ಅಗಲದಲ್ಲಿಲ್ಲ. ದೊಡ್ಡ ತೂತಿನ ಹುಚ್ಚು ಬ್ರಿಟಿಷರಿಗೇ ಬಿಟ್ಟುಹೋಯಿತು. 1887ರಿಂದ .455 ವೆಬ್ಲಿ ಹಿಡಿದು ಸಾಮ್ರಾಜ್ಯ ಆಳಿದವರು ಮೊದಲ ಮಹಾಯುದ್ಧದ ನಂತರ ಲೆಕ್ಕ ಹಾಕಿದರು: ಕಿಲೋ ಮೀರಿದ ತೂಕ, ಅದರ ಮೇಲೆ ಒದೆತ, ಹೊಸ ಸಿಪಾಯಿಗೆ ಗುರಿ ಕಲಿಸುವುದೇ ಕಷ್ಟ. 1932ರಲ್ಲಿ .38ಕ್ಕೆ ಇಳಿದರು. ಸಾಮ್ರಾಜ್ಯವೇ ಇಳಿದ ಮೆಟ್ಟಿಲನ್ನು ಚೆಂಬೂರಿನ ಹೋಟೆಲ್ ಧಣಿ ಹತ್ತಬೇಕೆ? ಎರಡನೆಯದು ಬೇಕೇ ಬೇಕೆಂದರೆ ಕೆಳಗೆ ಇಳಿ, .22 ತೆಗೆದುಕೋ, ತೋಟೆ ಅಗ್ಗ, ಒದೆತ ಇಲ್ಲ, ವರಳಿಯಲ್ಲಿ ಮನದಣಿಯೆ ಹಾರಿಸಬಹುದು ಎಂದೆ.

"ಟ್ವೆಂಟಿಟೂ? ಅದು ಮಕ್ಕಳದ್ದಲ್ವಾ ಮಾಷ್ಟ್ರೇ?" ಎಂದು ಮುಖ ಹುಳ್ಳಗೆ ಮಾಡಿದ. ಪಕ್ಕದಲ್ಲಿ ಬಿಲ್ಲು ನೋಡುತ್ತಿದ್ದ ಅವನ ಹೆಂಡತಿ ತಲೆ ಎತ್ತದೆ, "ಇವರು ಇದ್ದದ್ದನ್ನೇ ಹಾರಿಸಲಿಕ್ಕೆ ಹೋಗುವುದಿಲ್ಲ, ಒರೆಸುವುದು ಮಾತ್ರ. ದೊಡ್ಡದಾದರೆ ಒರೆಸುವ ಬಟ್ಟೆ ಜಾಸ್ತಿ ಬೇಕಾಗ್ತದೆ, ಅಷ್ಟೇ" ಎಂದರು.

ಅವನು ಗಲ್ಲೆಯ ಅಡಿಯಿಂದ ಅರ್ಜಿಯ ಫಾರಂ ತೆಗೆದ. ಹೆಸರು, ವಿಳಾಸ, ಉದ್ಯೋಗ ಎಲ್ಲ ತುಂಬಿದ್ದಾನೆ. ಆಯುಧ ಯಾಕೆ ಬೇಕು ಎಂಬ ಖಾನೆ ಖಾಲಿ. "ಇದೊಂದು ನೀವು ಬರೆದುಕೊಡಿ ಮಾಷ್ಟ್ರೇ, ನಿಮಗೆ ಭಾಷೆ ಉಂಟಲ್ಲ." ಆಸೆ ಎಂದು ಬರೆದರೆ ಪೊಲೀಸ್ ಕಮಿಷನರ್ ಆಫೀಸಿನಲ್ಲಿ ನಡೆಯುತ್ತದೆಯೇ? ಆತ್ಮರಕ್ಷಣೆ ಎಂದರೆ, ಈಗಿರುವುದು ಯಾತಕ್ಕೆ ಎಂದು ಕೇಳುತ್ತಾರೆ. ಕ್ರೀಡೆ ಎಂದರೆ ರೇಂಜಿನ ಸರ್ಟಿಫಿಕೇಟ್ ಎಲ್ಲಿ? ನಾನು ಪೆನ್ನಿನ ಕ್ಯಾಪು ತೆಗೆದು ಮತ್ತೆ ಹಾಕಿದೆ. ಮುಂದಿನ ಚುನಾವಣೆ ಕಳೆಯಲಿ, ಹೇಗೂ ಇರುವುದನ್ನೇ ಠಾಣೆಗೆ ಕೊಡಬೇಕಾಗುತ್ತದೆ, ಆಮೇಲೆ ನೋಡಿದರಾಯಿತು ಎಂದು ಇಬ್ಬರೂ ಒಪ್ಪಿಕೊಂಡೆವು. ಫಾರಂ ಗಲ್ಲೆಯ ಅಡಿಗೆ ಹೋಯಿತು.